ಕಾಡಿನಡಿಯ ಕಲ್ಲಿದ್ದಲು: ಶಿಫಾರಸು ಬರೆದವನ ಅನುಭವ

ಮಧ್ಯ ಭಾರತದ ಒಂದು ಅರಣ್ಯ ವಿಭಾಗದಲ್ಲಿ ನಾನು ವಿಭಾಗೀಯ ಅರಣ್ಯಾಧಿಕಾರಿ (ಡಿಎಫ್‌ಒ) ಆಗಿದ್ದಾಗ, 2015ರಲ್ಲಿ, ನಾನೂರು ಹೆಕ್ಟೇರಿಗೂ ಹೆಚ್ಚು ಮೀಸಲು ಅರಣ್ಯವನ್ನು ತೆರೆದ ಕಲ್ಲಿದ್ದಲು ಗಣಿಗೆ ಕೊಡುವ ಪ್ರಸ್ತಾವ ನನ್ನ ಮೇಜಿಗೆ ಬಂತು. ಹಿಂದಿನ ವರ್ಷವಷ್ಟೇ ಸುಪ್ರೀಂ ಕೋರ್ಟ್ 204 ಕಲ್ಲಿದ್ದಲು ನಿಕ್ಷೇಪಗಳ ಹಂಚಿಕೆಯನ್ನು ರದ್ದುಪಡಿಸಿತ್ತು. ಹೊಸದಾಗಿ ಹರಾಜಾದ ನಿಕ್ಷೇಪಗಳಲ್ಲಿ ಬೇಗ ಕೆಲಸ ಶುರುವಾಗಲಿ ಎಂಬ ಅವಸರ ಎಲ್ಲ ಕಚೇರಿಗಳಲ್ಲೂ ಇತ್ತು. ಗುತ್ತಿಗೆ ಕೊಡುವುದು ರಾಜ್ಯ ಸರ್ಕಾರವಾದರೂ 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ 2ನೇ ಕಲಮಿನಂತೆ ಕೇಂದ್ರದ ಪೂರ್ವಾನುಮತಿ ಬೇಕು. ಆದ್ದರಿಂದ ನಿರ್ಧಾರ ನನ್ನದಾಗಿರಲಿಲ್ಲ. ಅರ್ಜಿಯ ಎರಡನೇ ಭಾಗವನ್ನು ತುಂಬಿ, ಸ್ಥಳ ಪರಿಶೀಲನಾ ವರದಿ ಬರೆಯುವುದಷ್ಟೇ ನನ್ನ ಪಾಲಿನದು. ಮೇಲಿನವರೂ ಆಮೇಲೆ ಒಂದೆರಡು ದಿನ ಬಂದು ನೋಡುತ್ತಾರೆ, ಆದರೆ ಬರುವಾಗ ಅವರ ಕೈಯಲ್ಲಿರುವುದು ಕೆಳಗಿನವನು ಬರೆದ ಹಾಳೆಗಳೇ.

ಇದಕ್ಕೂ ಮೊದಲು ಬೇರೊಂದು ವಿಭಾಗದಲ್ಲಿ ಇಂಥದೇ ವರದಿಯನ್ನು ನಾನು ಬರೆದಿದ್ದೆ. 'ಷರತ್ತುಗಳಿಗೆ ಒಳಪಟ್ಟು ಶಿಫಾರಸು ಮಾಡಲಾಗಿದೆ' ಎಂಬ ರೂಢಿಯ ವಾಕ್ಯದಿಂದ ಅದನ್ನು ಮುಗಿಸಿದ್ದೆ. ಕೆಲವು ವರ್ಷಗಳ ನಂತರ ಆ ದಾರಿಯಲ್ಲಿ ಹೋದಾಗ, ಗುಂಡಿಗೆ ಮರಳಿ ತುಂಬಬೇಕಾಗಿದ್ದ ಮಣ್ಣು ಮತ್ತು ಬಂಡೆ ಗುಡ್ಡವಾಗಿ ಹೊರಗೇ ನಿಂತಿತ್ತು. ಷರತ್ತು ಕಡತದಲ್ಲಿ ಭದ್ರವಾಗಿತ್ತು.

ಹಾಗಾಗಿ ಈ ಸಲ ನಕ್ಷೆಯನ್ನು ನಂಬದೆ ಏಪ್ರಿಲ್ ತಿಂಗಳಲ್ಲಿ ವಲಯ ಅರಣ್ಯಾಧಿಕಾರಿ ಮತ್ತು ಇಬ್ಬರು ಗಾರ್ಡ್‌ಗಳೊಡನೆ ಇಡೀ ಪ್ರದೇಶವನ್ನು ನಡೆದೆ. ಅರ್ಜಿಯಲ್ಲಿ ಎಲ್ಲೆಡೆ ಒಂದೇ ಸಮನಾಗಿ 0.4 ಎಂದು ತೋರಿಸಿದ್ದ ಮರಗಳ ಸಾಂದ್ರತೆ (ನೆಲದ ಎಷ್ಟು ಪಾಲು ಮರಗಳ ನೆರಳಿನಡಿ ಇದೆ ಎಂಬ ಅಳತೆ), ಉತ್ತರದ ಸಾಲವೃಕ್ಷಗಳ ನಡುವೆ ಅಳೆದಾಗ 0.7ನ್ನು ದಾಟಿತು, ದಕ್ಷಿಣದ ಕುರುಚಲಿನಲ್ಲಿ ಅದರ ಕಾಲು ಭಾಗವೂ ಇರಲಿಲ್ಲ. ಅರಣ್ಯದ ನಿವ್ವಳ ಪ್ರಸ್ತುತ ಮೌಲ್ಯಕ್ಕೆ, ಅಂದರೆ ಕಾಡಿನ ನಷ್ಟಕ್ಕೆಂದು ಗಣಿ ಕಂಪನಿ ಕಟ್ಟಬೇಕಾದ ಹಣಕ್ಕೆ, 2008ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ್ದ ದರಗಳು ಕಾಡಿನ ವರ್ಗ ಮತ್ತು ಸಾಂದ್ರತೆಯನ್ನು ಅನುಸರಿಸಿ ಹೆಕ್ಟೇರಿಗೆ 4.38 ಲಕ್ಷದಿಂದ 10.43 ಲಕ್ಷ ರೂಪಾಯಿಯವರೆಗೆ ಇದ್ದುದರಿಂದ, ಈ ಸರಾಸರಿ ಅಂಕಿ ಯಾರಿಗೆ ಅನುಕೂಲವೆಂಬುದನ್ನು ವಿವರಿಸಬೇಕಾಗಿರಲಿಲ್ಲ.

ನನ್ನನ್ನು ಹೆಚ್ಚು ತಡೆದು ನಿಲ್ಲಿಸಿದ್ದು ಹಳ್ಳ. ನಕ್ಷೆಯಲ್ಲಿ ಅದು ಚುಕ್ಕೆಗೆರೆ, ಅಂದರೆ ಮಳೆಗಾಲದ ಹಳ್ಳ. ಆದರೆ ಆ ಬಿರುಬೇಸಿಗೆಯಲ್ಲೂ ಮೊಣಕಾಲುದ್ದ ನೀರು ಹರಿಯುತ್ತಿತ್ತು. ಅಲ್ಲಿನ ಕಲ್ಲಿದ್ದಲಿನ ಪದರಗಳು ಮರಳುಗಲ್ಲಿನ ನಡುವೆ ಇವೆ, ಮತ್ತು ಆ ಮರಳುಗಲ್ಲೇ ಮಳೆಯ ನೀರನ್ನು ಹೀರಿಟ್ಟುಕೊಂಡು ನಿಧಾನವಾಗಿ ಹಳ್ಳಕ್ಕೂ ಬಾವಿಗಳಿಗೂ ಬಿಡುತ್ತದೆ. ಗಣಿಯ ಗುಂಡಿ ಹಳ್ಳದ ತಳಕ್ಕಿಂತ ಕೆಳಗಿಳಿದ ಮೇಲೆ, ಒಳಗೆ ಸೋರುವ ನೀರನ್ನು ಪಂಪಿನಿಂದ ಹೊರಹಾಕುತ್ತಲೇ ಇರಬೇಕು. ಆಗ ಸುತ್ತಲಿನ ಅಂತರ್ಜಲ ಗುಂಡಿಯ ಕಡೆಗೆ ವಾಲುತ್ತದೆ. 'ಹಳ್ಳದ ಹರಿವಿಗೆ ಧಕ್ಕೆಯಾಗದಂತೆ ಗಣಿಗಾರಿಕೆ ನಡೆಸತಕ್ಕದ್ದು' ಎಂದು ಬರೆಯುವುದು ಸುಲಭ, ಆದರೆ ಹಾಗೆ ನಡೆಸುವ ವಿಧಾನವನ್ನು ಗಣಿ ಕಂಪನಿಯ ಎಂಜಿನಿಯರುಗಳಲ್ಲಿ ಯಾರೂ ನನಗೆ ತೋರಿಸಲಿಲ್ಲ.

ಅರಣ್ಯ ಹಕ್ಕು ಕಾಯ್ದೆಯ ಪಾಲನೆಯ ಬಗ್ಗೆ ಕೇಂದ್ರ ಪರಿಸರ ಮತ್ತು ಅರಣ್ಯ ಸಚಿವಾಲಯ ಹೊರಡಿಸಿದ್ದ 2009ರ ಆಗಸ್ಟ್ 3ರ ಸುತ್ತೋಲೆಯಂತೆ ಗ್ರಾಮಸಭೆಗಳ ಸಹಮತಿಯೂ ಕಡತದಲ್ಲಿರಬೇಕಿತ್ತು. ಇತ್ತು, ಎರಡು ಊರುಗಳ ಠರಾವಿನಲ್ಲಿ ಒಂದೇ ಒಕ್ಕಣೆ, ಒಂದೇ ಕಡೆ ಒಂದೇ ಕಾಗುಣಿತದ ತಪ್ಪು! ಒಡಿಶಾದ ನಿಯಮಗಿರಿಯ ಬಾಕ್ಸೈಟ್ ಗಣಿಗೆ 2013ರಲ್ಲಿ ಹನ್ನೆರಡು ಗ್ರಾಮಸಭೆಗಳೂ ಬೇಡವೆಂದದ್ದು ಎಲ್ಲರ ನೆನಪಿನಲ್ಲಿದ್ದ ಕಾಲವದು. ಹಿಪ್ಪೆಹೂವು ಆಯುವ ದಿನಗಳಾದ್ದರಿಂದ ಊರಿನವರು ಸಿಕ್ಕಿದ್ದು ಕಾಡಿನಲ್ಲೇ. ಸಭೆ ನಡೆದದ್ದು ಹಲವರಿಗೆ ತಿಳಿದಿರಲಿಲ್ಲ; ಗಣಿ ಬಂದರೆ ಮಗನಿಗೆ ಕೆಲಸ ಸಿಗಬಹುದೆಂದು ಬಯಸಿದವರೂ ಇದ್ದರು, ಅದನ್ನೂ ಬರೆದುಕೊಂಡೆ. ಸಭೆಗಳನ್ನು ಮತ್ತೊಮ್ಮೆ ಕರೆಯಬೇಕೆಂದು ಜಿಲ್ಲಾಧಿಕಾರಿಗಳಿಗೆ ಪತ್ರ ಬರೆದೆ.

ಪರ್ಯಾಯ ಅರಣ್ಯೀಕರಣಕ್ಕೆ ತೋರಿಸಿದ ಜಮೀನು ಬೇರೆ ಜಿಲ್ಲೆಯ ಕಲ್ಲುನೆಲವಾಗಿತ್ತು. ಅದರ ಬಗ್ಗೆ ಹೆಚ್ಚು ಹೇಳುವುದೇನೂ ಇಲ್ಲ.

ವರದಿ ಬರೆಯಲು ಕುಳಿತಾಗ, ಹಾಕಬಹುದಾದ ಪ್ರತಿಯೊಂದು ಷರತ್ತಿನ ಎದುರಿಗೆ ಅದನ್ನು ಯಾರು, ಯಾವಾಗ ಮಾಡಬೇಕು, ಮಾಡಿದ್ದನ್ನು ಯಾರು ನೋಡಬೇಕು, ಮಾಡದಿದ್ದರೆ ಹಾನಿಯನ್ನು ಸರಿಪಡಿಸಲು ಸಾಧ್ಯವೇ ಎಂದು ಬರೆದೆ. ದಕ್ಷಿಣ ಭಾಗದ ಷರತ್ತುಗಳಿಗೆಲ್ಲ ಉತ್ತರ ಸಿಕ್ಕಿತು. ಉತ್ತರ ಭಾಗದಲ್ಲಿ ಹಳ್ಳಕ್ಕೂ ಸಾಲವೃಕ್ಷಗಳ ಕಾಡಿಗೂ ಸಂಬಂಧಿಸಿದವುಗಳಿಗೆ ಸಿಗಲಿಲ್ಲ. ಆದ್ದರಿಂದ ದಕ್ಷಿಣಕ್ಕೆ ಒಪ್ಪಿಗೆ, ಉತ್ತರಕ್ಕೆ ನಿರಾಕರಣೆ ಎಂದು ಬೇರೆ ಬೇರೆಯಾಗಿ ಶಿಫಾರಸು ಮಾಡಿದೆ. ಉತ್ತರದ ದಪ್ಪ ಪದರ ಸಿಗದಿದ್ದರೆ ಗಣಿ ಲಾಭದಾಯಕವಾಗುವುದಿಲ್ಲ ಎಂಬ ಕಂಪನಿಯ ವಾದವನ್ನು ಮೊಟಕುಗೊಳಿಸದೆ ಸೇರಿಸಿದೆ. ಅದು ಸುಳ್ಳು ವಾದವಾಗಿರಲಿಲ್ಲ, ಮತ್ತು ಆ ವರದಿಯನ್ನು ಟೈಪಿಸಿದ ಕಂಪ್ಯೂಟರೂ ಕಲ್ಲಿದ್ದಲಿನ ವಿದ್ಯುತ್ತಿನಿಂದಲೇ ನಡೆಯುತ್ತಿತ್ತು.

ಮೇಲಿನ ಹಂತದಲ್ಲಿ ಪ್ರಸ್ತಾವ ಇಡಿಯಾಗಿಯೇ ಮುಂದೆ ಹೋಯಿತು. ಅಷ್ಟರಲ್ಲಿ ನನಗೆ ವರ್ಗವಾಗಿತ್ತು. ಮೊದಲ ಹಂತದ ಅನುಮತಿ ಬಂದಾಗ ಹಳ್ಳದ ಎರಡೂ ದಡಗಳ ಕಾಡನ್ನು ಗಣಿಯಿಂದ ಹೊರಗಿಟ್ಟಿದ್ದರೆಂದು, ಆದರೆ ನಾನು ಕೇಳಿದ್ದಕ್ಕಿಂತ ಅದರ ಅಗಲ ಕಡಿಮೆಯೆಂದು ನನ್ನ ನಂತರ ಬಂದ ಅಧಿಕಾರಿ ಫೋನಿನಲ್ಲಿ ತಿಳಿಸಿದರು. ಹೊರಡುವ ಮೊದಲು, ಆ ಏಪ್ರಿಲ್‌ನಲ್ಲಿ ಹಳ್ಳದ ಮೂರು ಕಡೆ ಅಳೆದ ನೀರಿನ ಲೆಕ್ಕದ ಪುಸ್ತಕವನ್ನು ಅವರಿಗೆ ಕೊಟ್ಟಿದ್ದೆ. ಪ್ರತಿ ಬೇಸಿಗೆಯಲ್ಲೂ ಅದೇ ಜಾಗಗಳಲ್ಲಿ ಅಳೆಸಿ ಎಂದೆ.