ನನ್ನ ಡಿಸ್ಕ್ ಇಮೇಜ್ ಟೂಲ್‌ಗೆ ಮುಂದೇನು ಸೇರಿಸೋದು?

ವರ್ಚುವಲ್ ಮೆಷಿನ್‌ಗಳ ಡಿಸ್ಕ್ ಇಮೇಜ್ (ಇಡೀ ಡಿಸ್ಕನ್ನು ಹಿಡಿದಿಟ್ಟ ಫೈಲ್) ನೋಡಿಕೊಳ್ಳಲು ನಾನೇ ಬರೆದುಕೊಂಡ ಒಂದು ಸಣ್ಣ ಟೂಲ್ ಇದೆ. ರಾ, ಕ್ಯೂಕೌ2, ವಿಎಚ್‌ಡಿ ಅನ್ನೋ ಮೂರು ಇಮೇಜ್ ಫಾರ್ಮ್ಯಾಟ್ ಓದುತ್ತದೆ, ಒಂದರಿಂದ ಇನ್ನೊಂದಕ್ಕೆ ಬದಲಾಯಿಸುತ್ತದೆ, ಅಷ್ಟೇ. ಮುಂದಿನ ವರ್ಷನ್‌ಗೆ ಏನು ಬೇಕು ಅಂತ ಟೀಮಿನಲ್ಲಿ ಕೇಳಿದೆ. ಹೆಚ್ಚಿನವರು ಹೇಳಿದ್ದು ಒಂದೇ: ಡಿಸ್ಕ್ ಚಿಕ್ಕದು ಮಾಡಲು ಬರಬೇಕು. ನಾನು ಅದನ್ನೇ ಪಟ್ಟಿಯ ಕೊನೆಗೆ ತಳ್ಳಿದೆ.

ಚಿಕ್ಕದು ಮಾಡೋದು ಅಂದರೆ ಡಿಸ್ಕಿನ ಕೊನೆಯ ಭಾಗ ಕತ್ತರಿಸೋದು. ಅಲ್ಲಿ ಏನಿದೆ ಅನ್ನೋದು ಒಳಗಿನ ಫೈಲ್ ಸಿಸ್ಟಮ್‌ಗೆ ಗೊತ್ತು, ಇಮೇಜ್ ಫಾರ್ಮ್ಯಾಟ್‌ಗೆ ಗೊತ್ತಿಲ್ಲ. ಡಿಸ್ಕಿನ ಭಾಗಗಳ ಪಟ್ಟಿ, ಅಂದರೆ ಪಾರ್ಟಿಷನ್ ಟೇಬಲ್, ಜಿಪಿಟಿ ಮಾದರಿಯದಾದರಂತೂ ಅದರ ಬ್ಯಾಕಪ್ ಇರುವುದೇ ಕೊನೆಯ ಸೆಕ್ಟರ್‌ಗಳಲ್ಲಿ. ವರ್ಚುವಲ್ ಮೆಷಿನ್ ಓಡಿಸುವ ಕ್ಯೂಎಮು ಜೊತೆ ಬರುವ ಇಮೇಜ್ ಟೂಲ್ ಕೂಡ 'ಶ್ರಿಂಕ್' ಅಂತ ಬಿಡಿಸಿ ಹೇಳದಿದ್ದರೆ ಒಪ್ಪುವುದಿಲ್ಲ.

ಕೆದಕಿ ಕೇಳಿದಾಗ ಗೊತ್ತಾಯಿತು, ಇವರಲ್ಲಿ ಬಹಳ ಜನಕ್ಕೆ ಬೇಕಿದ್ದದ್ದು ಚಿಕ್ಕ ಡಿಸ್ಕ್ ಅಲ್ಲ, ಸರ್ವರ್‌ನಲ್ಲಿ ಆ ಫೈಲ್ ಕಡಿಮೆ ಜಾಗ ತಿಂದರೆ ಸಾಕು. ಅದು ಬೇರೆಯೇ ಕೆಲಸ ಅಲ್ವಾ? ಮೆಷಿನ್ ಒಳಗೆ ಮೊದಲು ಎಫ್‌ಎಸ್‌ಟ್ರಿಮ್ (ಫೈಲ್ ಸಿಸ್ಟಮ್ ಬಳಸದ ಜಾಗ ಯಾವುದು ಅಂತ ಡಿಸ್ಕಿಗೆ ತಿಳಿಸುವ ಕಮಾಂಡ್) ಓಡಿಸಿ, ಆಮೇಲೆ ಇಮೇಜ್ ಕಾಪಿ ಮಾಡುವಾಗ ಪೂರ್ತಿ ಸೊನ್ನೆ ಇರುವ ಕ್ಲಸ್ಟರ್‌ಗಳನ್ನು (ಇಮೇಜಿನ ಸಣ್ಣ ತುಂಡುಗಳನ್ನು) ಬರೆಯದೆ ಬಿಟ್ಟರಾಯಿತು. ಕ್ಯೂಕೌ2ನಲ್ಲಿ ಒಂದು ಕ್ಲಸ್ಟರ್ ಸಾಮಾನ್ಯವಾಗಿ 64 ಕೆಬಿ. ಹಳೆಯ ಫೈಲ್ ಮುಟ್ಟುವ ಪ್ರಶ್ನೆಯೇ ಇಲ್ಲ. ಇದು ಪಟ್ಟಿಯಲ್ಲಿ ಮೊದಲನೆಯದು.

ಎರಡನೆಯದು ಯಾರೂ ಕೇಳದ್ದು. ಫಾರ್ಮ್ಯಾಟ್ ಯಾವುದು ಅಂತ ಟೂಲ್ ತಾನೇ ಊಹಿಸುವುದನ್ನು ತೆಗೆಯುತ್ತಿದ್ದೇನೆ. ಫಿಕ್ಸೆಡ್ ವಿಎಚ್‌ಡಿಯ ಗುರುತು ಇರುವುದು ಫೈಲಿನ ಕೊನೆಯ 512 ಬೈಟ್‌ಗಳಲ್ಲಿ, ಶುರುವಿನ ಬೈಟ್ ಓದಿದರೆ ಅದು ಸುಮ್ನೆ ರಾ ಇಮೇಜ್ ಥರವೇ ಕಾಣುತ್ತದೆ. ಇನ್ನೊಂದು ಕಡೆ, ರಾ ಡಿಸ್ಕಿನ ಮೊದಲ ಸೆಕ್ಟರ್ ಇರುವುದು ಗೆಸ್ಟ್, ಅಂದರೆ ಒಳಗೆ ಓಡುವ ಮೆಷಿನ್ ಕೈಯಲ್ಲಿ. ಅದು ಅಲ್ಲಿ ಕ್ಯೂಕೌ2 ಹೆಡರ್ ಬರೆದು, ಬ್ಯಾಕಿಂಗ್ ಫೈಲ್ (ಇಮೇಜಿನಲ್ಲಿ ಇಲ್ಲದ ಡೇಟಾ ಓದಿಕೊಳ್ಳುವ ಮೂಲ ಫೈಲ್) ಜಾಗದಲ್ಲಿ ಹೋಸ್ಟ್‌ನ, ಅಂದರೆ ಅದನ್ನು ಓಡಿಸುವ ಸರ್ವರ್‌ನ, ಯಾವುದೋ ಫೈಲಿನ ಹೆಸರು ಹಾಕಿದರೆ, ಊಹಿಸುವ ಟೂಲ್ ಆ ಫೈಲನ್ನೇ ತೆರೆದು ಒಳಗಿರುವುದನ್ನು ಗೆಸ್ಟ್‌ಗೆ ತೋರಿಸಿಬಿಡುತ್ತದೆ. ಹಾಗಾಗಿ ಫಾರ್ಮ್ಯಾಟ್ ಹೆಸರು ಬಳಸುವವರೇ ಟೈಪ್ ಮಾಡಬೇಕು. ಗೊಣಗುತ್ತಾರೆ, ಗೊಣಗಲಿ.

ಮೈಕ್ರೋಸಾಫ್ಟ್‌ನ ಕ್ಲೌಡ್ ಅಜೂರ್‌ಗೆ ಹಾಕುವ ವಿಎಚ್‌ಡಿಯ ವರ್ಚುವಲ್ ಸೈಜ್ (ಮೆಷಿನ್‌ಗೆ ಕಾಣುವ ಡಿಸ್ಕ್ ಅಳತೆ) 1 ಎಂಬಿ ಲೆಕ್ಕಕ್ಕೆ ಸರಿಯಾಗಿ ಕೂರಬೇಕು. ಅಪ್‌ಲೋಡ್‌ಗೆ ಮುಂಚೆಯೇ ಅದನ್ನು ನೋಡುವ ಒಂದು ಚೆಕ್ ಸೇರಿಸುತ್ತೇನೆ, ಜಾಸ್ತಿ ಕೆಲಸವಿಲ್ಲ.

ವಿಎಚ್‌ಡಿಯ ನಂತರ ಬಂದ ಫಾರ್ಮ್ಯಾಟ್ ವಿಎಚ್‌ಡಿಎಕ್ಸ್ ಅದಾದ ಮೇಲೆ, ಅದೂ ಓದಲು ಮಾತ್ರ. ಅದರೊಳಗೆ ಒಂದು ಲಾಗ್ ಇರುತ್ತದೆ. ಮೆಷಿನ್ ದಿಢೀರ್ ನಿಂತಿದ್ದರೆ ಆ ಲಾಗ್‌ನಲ್ಲಿ ಬಾಕಿ ಉಳಿದ ಬದಲಾವಣೆಗಳನ್ನು ಇಮೇಜಿಗೆ ಬರೆಯದೆ ಡಿಸ್ಕ್ ನಂಬುವ ಹಾಗಿಲ್ಲ. ಸದ್ಯಕ್ಕೆ ಲಾಗ್ ಖಾಲಿ ಇಲ್ಲದಿದ್ದರೆ ಟೂಲ್ ಎರರ್ ಕೊಟ್ಟು ನಿಲ್ಲುತ್ತದೆ.