ಕ್ರಾಸ್ ತಿನ್ನುತ್ತಿದ್ದ ಜೀಪು

ಎರಡು ವರ್ಷದಲ್ಲಿ ನಮ್ಮ ಜೀಪು ಮೂರು ಕ್ರಾಸ್ ತಿಂದಿತ್ತು; ಕ್ರಾಸ್ ಅಂದರೆ ಎಂಜಿನ್ನಿನ ತಿರುಗನ್ನು ಹಿಂಚಕ್ರಕ್ಕೆ ಒಯ್ಯುವ ಶಾಫ್ಟಿನ ತುದಿಯ ಕೀಲು. ಅಂಗಡಿಯವರು ಡೂಪ್ಲಿಕೇಟ್ ಮಾಲು ಇರಬೇಕು ಅಂದರು, ಡ್ರೈವರ್ ತೋಟದ ರಸ್ತೆ ಅಂದ, ನಾನು ಮಳೆಯ ತಲೆಗೆ ಕಟ್ಟಿದೆ. ಮೂಡಿಗೆರೆ ಮಳೆ ಎಂಥ ಅಪವಾದವನ್ನಾದರೂ ಹೊತ್ತುಕೊಳ್ಳುತ್ತದೆ, ಪಾಪ.

ಜೀಪು 1976ರ ಮಹೀಂದ್ರ ಸಿಜೆ-3ಬಿ. ಅಮೆರಿಕದಲ್ಲಿ ಈ ಮಾದರಿ 1953ಕ್ಕೆ ಶುರುವಾಗಿ 1968ಕ್ಕೆ ನಿಂತೇ ಹೋಯಿತು; ನಮ್ಮಲ್ಲಿ ಮಹೀಂದ್ರದವರು ಆಮೇಲೂ ಬಹಳ ಕಾಲ ಮಾಡುತ್ತಿದ್ದರು. ಎತ್ತರದ ಬಾನೆಟ್ಟು, ಅದರೊಳಗೆ 2.2 ಲೀಟರಿನ ಹರಿಕೇನ್ ಪೆಟ್ರೋಲ್ ಎಂಜಿನ್. ಸುತ್ತಮುತ್ತಲಿನ ತೋಟದವರು ಡೀಸೆಲ್ ಎಂಜಿನ್ ಕೂರಿಸಿಕೊಂಡಾಗಲೂ ಅಪ್ಪ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಹಾಗಾಗಿ ಗಾಡಿಯ ಅಡಿಭಾಗ ಹೆಚ್ಚುಕಮ್ಮಿ ಕಾರ್ಖಾನೆಯಿಂದ ಬಂದ ಹಾಗೇ ಉಳಿದಿದೆ.

ಮೊದಲು ಸದ್ದಿನ ವಿಷಯ. ಕ್ಲಚ್ ಬಿಟ್ಟ ಕೂಡಲೇ ಸೀಟಿನಡಿ ‘ಟಣ್’ ಅನ್ನುತ್ತಿತ್ತು. ರಿವರ್ಸಿಗೆ ಹಾಕಿದರೆ ಇನ್ನೊಂದು ಟಣ್. ನಡಿಗೆಯ ವೇಗದಲ್ಲಿ ಇಲಿಮರಿ ಕೂಗಿದಂತೆ ಕಿಚ್ ಕಿಚ್. 40 ದಾಟಿತೋ, ಕಾಲಡಿಯ ತಗಡಿಗೆ ನಡುಕ. ಇಲಿಮರಿ ಕೂಗಿದರೆ ಕ್ರಾಸಿನ ಬೇರಿಂಗಿನಲ್ಲಿ ಗ್ರೀಸು ಆರಿದೆ ಅಂತ ಕಣ್ಣುಮುಚ್ಚಿ ಹೇಳಬಹುದು. ಟಣ್ ಅನ್ನುವುದು ಅಷ್ಟು ಸುಲಭವಲ್ಲ. ಅದು ಕ್ರಾಸಿನದ್ದಿರಬಹುದು, ಶಾಫ್ಟಿನ ಸ್ಪ್ಲೈನಿನದ್ದಿರಬಹುದು (ಒಂದರೊಳಗೊಂದು ಜಾರುವ ಹಲ್ಲುಗಳು), ಹಿಂದಿನ ಆಕ್ಸಲಿನ ಹೌಸಿಂಗಿನೊಳಗೆ ಕ್ರೌನ್ ಪಿನಿಯನ್ ಗೇರು ಸವೆದದ್ದೂ ಇರಬಹುದು. ಮೂರನೆಯದಾದರೆ ಖರ್ಚು ಜೋರು. ಹಾಗಾಗಿ ಎಲ್ಲರೂ ಮೊದಲನೆಯದನ್ನೇ ನಂಬುತ್ತಾರೆ. ನಾನೂ ಮೂರು ಸಲ ಅದನ್ನೇ ನಂಬಿದ್ದೆ.

ಈ ಸಲ ಗಾಡಿಯನ್ನು ನ್ಯೂಟ್ರಲ್ ಮಾಡಿ, ಚಕ್ರಗಳಿಗೆ ಕಲ್ಲು ಕೊಟ್ಟು, ಗೋಣಿ ಹಾಸಿಕೊಂಡು ಕೆಳಗೆ ನುಸುಳಿದೆ. ಈ ಜೀಪಿನ ಡಿಫರೆನ್ಶಿಯಲ್ ಗುಂಡು, ಅಂದರೆ ಹಿಂದಿನ ಆಕ್ಸಲಿನ ಗೇರುಗಳಿರುವ ಉಬ್ಬು, ನಟ್ಟನಡುವೆ ಇರುವುದಿಲ್ಲ, ಬಲಕ್ಕೆ ಸರಿದಿರುತ್ತದೆ. ಟ್ರಾನ್ಸ್‌ಫರ್ ಕೇಸಿನ (ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆ) ಬಾಯಿಯೂ ಅದೇ ಕಡೆಗಿದೆ. ಅವೆರಡರ ನಡುವೆ ಒಂದು ಗಿಡ್ಡ ಶಾಫ್ಟು. ಎರಡು ತುದಿಗೂ ಒಂದೊಂದು ಕ್ರಾಸ್, ಅಂದರೆ ಲೆಕ್ಕದ ಕೂಡುವ ಚಿಹ್ನೆಯಂಥ ಉಕ್ಕಿನ ತುಂಡು. ಅದರ ನಾಲ್ಕು ಕೈಗೂ ಒಂದೊಂದು ಬಟ್ಟಲು, ಬಟ್ಟಲಿನ ಒಳಗೋಡೆಗೆ ಸಾಲಾಗಿ ಸೂಜಿ ಬೇರಿಂಗು. ಹಿಂದಿನ ಆಕ್ಸಲ್ ಸ್ಪ್ರಿಂಗಿನ ಮೇಲೆ ಏರಿಳಿದಾಗ ಶಾಫ್ಟು ಉದ್ದವೂ ಆಗಬೇಕು, ಗಿಡ್ಡವೂ ಆಗಬೇಕು. ಅದಕ್ಕೆ ಒಂದು ತುದಿಯಲ್ಲಿ ಸ್ಲಿಪ್ ಯೋಕ್. ಹಲ್ಲು ಹಲ್ಲಾಗಿ ಕೊರೆದ ಶಾಫ್ಟು ಅದರೊಳಗೆ ಜಾರುತ್ತದೆ.

ಒಂದು ಕೈಯಲ್ಲಿ ಯೋಕಿನ ಕಿವಿ, ಅಂದರೆ ಕ್ರಾಸನ್ನು ಕಚ್ಚಿಕೊಂಡ ಕವಲು, ಹಿಡಿದು ಇನ್ನೊಂದರಲ್ಲಿ ಶಾಫ್ಟು ತಿರುಚಿದೆ. ಹಿಂದಿನ ಕ್ರಾಸ್ ಅಲುಗಿತು, ಸೀಲಿನ ಸುತ್ತ ಇಟ್ಟಿಗೆ ಪುಡಿಯಂಥ ಕೆಂಪು. ಅದು ಗೊತ್ತಿದ್ದದ್ದೇ. ಸ್ಲಿಪ್ ಯೋಕ್ ಹಿಡಿದು ತಿರುಚಿದಾಗ ಅದೂ ಅಕ್ಕಿಕಾಳಿನಷ್ಟು ಅಲುಗಿತು. ಮೂರು ಸಲ ಕ್ರಾಸ್ ಹಾಕುವಾಗಲೂ ಅದನ್ನೊಮ್ಮೆ ಮುಟ್ಟಿ ನೋಡಿರಲಿಲ್ಲ. ಡಿಫರೆನ್ಶಿಯಲ್ ಪಿನಿಯನ್ ಹಿಡಿದು ಅಲುಗಿಸಿದೆ, ಗಟ್ಟಿಯಾಗಿತ್ತು. ದೇವರು ದೊಡ್ಡವನು.

ಮಾರನೇ ದಿನ ಬಿಚ್ಚುವ ಕೆಲಸ. ಬೆಳಕು ಸಾಲದೆಂದು ಜೀಪನ್ನು ಶೆಡ್ಡಿನಿಂದ ಎರಡು ಮಾರು ಈಚೆ ತಂದೆ. ಅಲ್ಲಿ ಅಂಗಳ ಸ್ವಲ್ಪ ಇಳಿಜಾರು. ಹ್ಯಾಂಡ್‌ಬ್ರೇಕ್ ಎಳೆದಿದ್ದೆ, ಫಸ್ಟ್ ಗೇರಿನಲ್ಲಿ ಹಾಕಿದ್ದೆ, ಇನ್ನೇನು ಕಲ್ಲು ಅಂತ ಅಸಡ್ಡೆ. ಡಿಫರೆನ್ಶಿಯಲ್ ಕಡೆಯ ಯು-ಬೋಲ್ಟುಗಳ ನಾಲ್ಕು ನಟ್ಟು ಬಿಚ್ಚಿ, ಲಿವರ್ ಕೊಟ್ಟು ಒಂದು ಸಲ ಮೀಟಿದೆ. ಶಾಫ್ಟು ಎದೆಯ ಪಕ್ಕಕ್ಕೆ ಬಿತ್ತು, ಜೀಪು ಸದ್ದಿಲ್ಲದೆ ನಡೆಯತೊಡಗಿತು. ನನ್ನ ಮೇಲಿಂದಲೇ. ಒಂದು ಮೊಳ ಹೋಗಿ ಸೌದೆ ಒಟ್ಟಿಲಿಗೆ ತಾಗಿ ನಿಂತಿತು.

ಈ ಜೀಪಿನ ಹ್ಯಾಂಡ್‌ಬ್ರೇಕ್ ಚಕ್ರವನ್ನು ಹಿಡಿಯುವುದಿಲ್ಲ. ಟ್ರಾನ್ಸ್‌ಫರ್ ಕೇಸಿನ ಬೆನ್ನಿಗೊಂದು ಡ್ರಮ್ಮಿದೆ, ಅದನ್ನು ಹಿಡಿಯುತ್ತದೆ. ಆ ಹಿಡಿತ ಹಿಂಚಕ್ರಕ್ಕೆ ಮುಟ್ಟುವುದು ಇದೇ ಶಾಫ್ಟಿನ ಮೂಲಕ. ಶಾಫ್ಟು ಕಳಚಿದ ಕ್ಷಣ ಗೇರೂ ಇಲ್ಲ, ಹ್ಯಾಂಡ್‌ಬ್ರೇಕೂ ಇಲ್ಲ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದೂ ಕಲ್ಲು ಕೊಟ್ಟಿರಲಿಲ್ಲ. ಹಳೇ ಜೀಪಿನಡಿಗೆ ಹೋಗುವವರು ನಾಲ್ಕು ಚಕ್ರಕ್ಕೂ ಎರಡು ಕಡೆಯೂ ಕಲ್ಲು ಕೊಡಿ. ಆವತ್ತು ಮಧ್ಯಾಹ್ನ ನಾನು ಊಟ ಮಾಡಲಿಲ್ಲ.

ಕ್ರಾಸ್ ತೆಗೆಯುವುದು ಹೇಳುವಷ್ಟು ಕಷ್ಟವಲ್ಲ. ಬಟ್ಟಲು ಜಾರದಂತೆ ಹಿಡಿಯುವ ಸರ್ಕ್ಲಿಪ್ಪುಗಳ ಮೇಲೆ ಡೀಸೆಲ್ ಬಿಟ್ಟು ರಾತ್ರಿಯಿಡೀ ಬಿಟ್ಟರೆ ಬೆಳಿಗ್ಗೆ ಮಾತು ಕೇಳುತ್ತವೆ. ಬೆಂಚ್ ವೈಸಿನಲ್ಲಿ ಒಂದು ಕಡೆ ಬಟ್ಟಲು ಇಳಿಯುವಷ್ಟು ದೊಡ್ಡ ಸಾಕೆಟ್, ಇನ್ನೊಂದು ಕಡೆ ಬಟ್ಟಲಿಗಿಂತ ಚಿಕ್ಕದು. ವೈಸ್ ಬಿಗಿ ಮಾಡುತ್ತಾ ಹೋದರೆ ಬಟ್ಟಲು ತಾನಾಗಿ ಹೊರಬರುತ್ತದೆ. ಸುತ್ತಿಗೆಯಿಂದ ಬಡಿದರೆ ಯೋಕಿನ ಕಿವಿ ಒಳಕ್ಕೆ ಬಾಗುತ್ತದೆ, ಆಮೇಲೆ ಹೊಸ ಕ್ರಾಸೂ ಬಿಗಿಯಾಗಿ ಕೂತು ಬೇಗ ಸಾಯುತ್ತದೆ. ಹಳೇ ಕ್ರಾಸನ್ನು ಬಟ್ಟೆಯಲ್ಲಿ ಒರೆಸಿ ನೋಡಿದೆ. ನುಣ್ಣಗಿರಬೇಕಾದ ಕೈಯ ಮೇಲೆ ಸೂಜಿಗಳು ಒತ್ತಿದ ಗೆರೆಗಳು, ಉಗುರಿಗೆ ಸಿಗುವಷ್ಟು ಆಳ. ಎದುರುಬದುರಿನ ಎರಡು ಕೈಗಳಲ್ಲಿ ಜಾಸ್ತಿ. ಗ್ರೀಸಿಲ್ಲದೆ ಸತ್ತದ್ದಾದರೆ ನಾಲ್ಕೂ ಕೈ ಒಂದೇ ಥರ ತುಕ್ಕು ತಿಂದಿರಬೇಕಿತ್ತಲ್ಲ ಅಂತ ಮನಸ್ಸಿಗೆ ಬಂತು. ಬಂದು ಹಾಗೇ ಹೋಯಿತು.

ಸ್ಪ್ಲೈನ್ ಕೆಲಸ ಮನೆಯಲ್ಲಿ ಆಗುವುದಲ್ಲ. ಶಾಫ್ಟನ್ನು ಗೋಣಿಚೀಲಕ್ಕೆ ತುಂಬಿ ಚಿಕ್ಕಮಗಳೂರಿನ ಲೇತ್ ಅಂಗಡಿಗೆ ಒಯ್ದೆ. ಅಲ್ಲಿನ ಮೇಸ್ತ್ರಿಗೆ ಅರವತ್ತು ದಾಟಿರಬಹುದು. ಮೂರು ಕ್ರಾಸ್ ಹೋದ ಕಥೆ ಪೂರ್ತಿ ಕೇಳಿಸಿಕೊಂಡು, ಸೀಮೆಎಣ್ಣೆ ಅದ್ದಿದ ಬಟ್ಟೆಯಿಂದ ಸ್ಲಿಪ್ ಯೋಕಿನ ಕುತ್ತಿಗೆ ಉಜ್ಜತೊಡಗಿದರು.

“ಗೌಡ್ರೇ, ಕೊನೇ ಸಲ ಈ ಹಲ್ಲು ಬಿಚ್ಚಿದ್ದು ಯಾರು?”

“ನಾನೇ. ಎರಡು ವರ್ಷ ಆಯ್ತು. ಒಳಗೆ ಗ್ರೀಸ್ ಹಾಕೋಣ ಅಂತ.”

“ಕ್ರಾಸ್ ಹೋಗಕ್ಕೆ ಶುರುವಾಗಿದ್ದು?”

ನಾನು ಮಾತಾಡಲಿಲ್ಲ. ಅವರು ಬೆರಳಿಟ್ಟು ತೋರಿಸಿದರು. ಜಿಡ್ಡಿನಡಿ ಯೋಕಿನ ಮೇಲೊಂದು ಬಾಣ, ಶಾಫ್ಟಿನ ಮೇಲೊಂದು ಬಾಣ. ಎರಡೂ ಎದುರುಬದುರು ಇರಬೇಕು. ಇರಲಿಲ್ಲ. ಒಂದು ಹಲ್ಲು ಪಕ್ಕಕ್ಕಿದ್ದವು.

ಶಾಫ್ಟನ್ನು ಕಲ್ಲುಚಪ್ಪಡಿ ಮೇಲೆ ಮಲಗಿಸಿ, ಒಂದು ತುದಿಯ ಎರಡು ಕಿವಿಗಳ ಮೇಲೆ ರಸಮಟ್ಟ ಇಟ್ಟು ಗುಳ್ಳೆ ನಡುವಿಗೆ ತಂದರು. ಅದೇ ರಸಮಟ್ಟವನ್ನು ಇನ್ನೊಂದು ತುದಿಗೆ ಇಟ್ಟರೆ ಗುಳ್ಳೆ ಮೂಲೆಗೆ ಓಡಿತು.

ನಾಚಿಕೆಯ ವಿಷಯ ಅಂದರೆ ಡಿಪ್ಲೊಮಾದಲ್ಲಿ ಹುಕ್ಸ್ ಜಾಯಿಂಟಿನ, ಅಂದರೆ ಇದೇ ಕ್ರಾಸಿನ ಜೋಡಣೆಯ, ಲೆಕ್ಕವನ್ನು ನಾನು ಪರೀಕ್ಷೆಗೇ ಬರೆದಿದ್ದೇನೆ. ಓರೆಯಾಗಿ ನಿಂತ ಕ್ರಾಸಿಗೆ ಈ ಕಡೆಯಿಂದ ಒಂದೇ ಸಮ ವೇಗ ಕೊಟ್ಟರೂ ಆ ಕಡೆ ಒಂದು ಸುತ್ತಿನಲ್ಲಿ ಎರಡು ಸಲ ಮುಂದೆ ಓಡುತ್ತದೆ, ಎರಡು ಸಲ ಹಿಂದೆ ಬೀಳುತ್ತದೆ. 10 ಡಿಗ್ರಿ ಓರೆಗೆ ಈ ಏರಿಳಿತ ಎರಡೂ ಕಡೆಗೆ ಶೇಕಡಾ 1.5ರಷ್ಟು. ಶಾಫ್ಟಿನ ಎರಡು ತುದಿಯ ಕಿವಿಗಳೂ ಒಂದೇ ಸಮತಲದಲ್ಲಿದ್ದು, ಎರಡು ಕಡೆಯ ಓರೆಯೂ ಸಮವಿದ್ದರೆ ಮೊದಲ ಕ್ರಾಸ್ ಮಾಡಿದ್ದನ್ನು ಎರಡನೆಯದು ಅಳಿಸಿಹಾಕುತ್ತದೆ, ಪಿನಿಯನ್ನಿಗೆ ಸಮನಾದ ತಿರುಗು ಸಿಗುತ್ತದೆ. ಒಂದು ಹಲ್ಲು ತಪ್ಪಿದರೆ ಪೂರ್ತಿ ಅಳಿಯುವುದಿಲ್ಲ. ನಮ್ಮ ಜೀಪಿನ ಆಕ್ಸಲ್ ರೇಶಿಯೋ 5.38, 16 ಇಂಚಿನ ಟೈರಿಗೆ ಲೆಕ್ಕ ಹಾಕಿದರೆ 60 ಕಿಲೋಮೀಟರ್ ವೇಗದಲ್ಲಿ ಶಾಫ್ಟು ನಿಮಿಷಕ್ಕೆ ಸುಮಾರು 2,300 ಸುತ್ತು ಹೊಡೆಯುತ್ತದೆ. ಸುತ್ತಿಗೆರಡರಂತೆ ಆ ಸೂಜಿಗಳಿಗೆ ಬಿದ್ದ ಏಟು ನಿಮಿಷಕ್ಕೆ 4,600. ಮಾಲು ಸರಿಯಾಗೇ ಇತ್ತು. ಮಳೆಯದ್ದೂ ತಪ್ಪಿಲ್ಲ.

ಈ ಬಾಣ ಹೊಡೆದವರಿಗೆ ನನ್ನಂಥವರು ಹುಟ್ಟುತ್ತಾರೆಂದು ಗೊತ್ತಿತ್ತು. ಕಾರುಗಳು ಸೈಕಲ್ಲಿನಂತೆ ಚೈನಿನಲ್ಲಿ ಓಡುತ್ತಿದ್ದ ಕಾಲದಲ್ಲಿ, 1903ರಲ್ಲಿ, ಕ್ಲಾರೆನ್ಸ್ ಸ್ಪೈಸರ್ ಎಂಬ ಅಮೆರಿಕದವನು ಕಾರಿಗೊಗ್ಗುವ ಇಂಥ ಜಾಯಿಂಟಿಗೆ ಪೇಟೆಂಟ್ ಪಡೆದ. ಕ್ರಾಸಿನ ಡಬ್ಬಿಯ ಮೇಲೆ ಈಗಲೂ ನಾವು ಓದುವ ಸ್ಪೈಸರ್ ಅವನೇ.

ಸವೆದ ಹಲ್ಲಿಗೆ ವೆಲ್ಡಿಂಗ್ ತುಂಬಿ ಮತ್ತೆ ಕೊರೆಯುವ ಅಗ್ಗದ ದಾರಿಯೊಂದಿದೆ. ಮೇಸ್ತ್ರಿ ಬೇಡ ಅಂದರು, ನನಗೂ ಬೇಡವಾಗಿತ್ತು. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಹೊಸ ಸ್ಲಿಪ್ ಯೋಕ್ ಮತ್ತು ಅದರ ಜೋಡಿ ಹಲ್ಲಿನ ತುಂಡನ್ನು ತರಿಸಿದೆ. ಮೇಸ್ತ್ರಿ ಹಳೇ ವೆಲ್ಡಿಂಗನ್ನು ಲೇತಿನಲ್ಲೇ ಕೊರೆದು ತೆಗೆದು, ಹೊಸ ತುಂಡನ್ನು ಕೊಳವೆಗೆ ಒತ್ತಿ ಕೂರಿಸಿ, ರಸಮಟ್ಟದಲ್ಲಿ ಕಿವಿಗಳನ್ನು ಹೊಂದಿಸಿ ನಾಲ್ಕು ಕಡೆ ಬೊಟ್ಟಿಟ್ಟ ಹಾಗೆ ಟ್ಯಾಕ್ ಹಾಕಿದರು. ಡಯಲ್ ಗೇಜ್ ಇಟ್ಟು ಕೈಯಿಂದ ತಿರುಗಿಸಿದರೆ ಮುಳ್ಳು ಒಂದು ಮಿಲಿಮೀಟರ್ ದಾಟಿ ಓಡುತ್ತಿತ್ತು. ಹಿತ್ತಾಳೆ ಸುತ್ತಿಗೆಯಿಂದ ಇಷ್ಟಿಷ್ಟೇ ತಟ್ಟಿ, ಅರ್ಧಕ್ಕಿಂತ ಕೆಳಗಿಳಿದ ಮೇಲೆ ಪೂರಾ ವೆಲ್ಡ್ ಮಾಡಿದರು. ಸುತ್ತ ಒಂದೇ ಸಲಕ್ಕೆ ಅಲ್ಲ. ಇಲ್ಲೊಂದು ಇಂಚು, ಅದರ ಎದುರಿಗೊಂದು ಇಂಚು. ಇಲ್ಲದಿದ್ದರೆ ಕಾವಿಗೆ ಕೊಳವೆ ಸೊಟ್ಟಗಾಗುತ್ತದೆ. ಹೊಸ ಕ್ರಾಸ್ ಎರಡನ್ನೂ ಕೂರಿಸಿ ಬ್ಯಾಲೆನ್ಸಿಂಗಿಗೆ ಬೆಂಗಳೂರಿಗೆ ಬಸ್ಸಿನಲ್ಲಿ ಹಾಕಿದೆವು.

ಕ್ರಾಸ್ ಕೂರಿಸುವಾಗ ಒಂದು ಬಟ್ಟಲು ಸರ್ಕ್ಲಿಪ್ ಕೂರುವ ತೋಡಿಗೆ ಕೂದಲೆಳೆಯಷ್ಟು ಕಡಿಮೆ ಇಳಿಯಿತು. ನಾನು ಇನ್ನಷ್ಟು ಬಿಗಿ ಮಾಡಲು ಹೊರಟೆ, ಮೇಸ್ತ್ರಿ ಕೈ ಹಿಡಿದರು. ಹೊರತೆಗೆದು ನೋಡಿದರೆ ಒಂದು ಸೂಜಿ ಜಾರಿ ಬಟ್ಟಲಿನ ತಳದಲ್ಲಿ ಅಡ್ಡ ಮಲಗಿತ್ತು. ಗ್ರೀಸನ್ನು ಗೋಡೆಗೆ ದಪ್ಪಗೆ ಬಳಿದು ಸೂಜಿಗಳನ್ನು ಅಂಟಿಸಿ, ಕ್ರಾಸಿನ ಕೈ ಒಳಗಿರುವಾಗಲೇ ಬಟ್ಟಲು ಒತ್ತಬೇಕು.

ಶಾಫ್ಟು ಊರಲ್ಲಿಲ್ಲದ ಐದು ದಿನ ಜೀಪೇನೂ ಸುಮ್ಮನಿರಲಿಲ್ಲ. ಹಣ್ಣು ಕೊಯ್ಲಿನ ಸಮಯ, ಆಳುಗಳನ್ನು ತರಬೇಕಿತ್ತು. ಫೋರ್ ವೀಲ್ ಲಿವರ್ ಹಾಕಿದರೆ ಮುಂದಿನ ಶಾಫ್ಟೊಂದರಲ್ಲೇ ಗಾಡಿ ಓಡುತ್ತದೆ. ಸಪಾಟು ರಸ್ತೆಯಲ್ಲಿ ತಕರಾರಿಲ್ಲ. ಏರಿನಲ್ಲಿ ಹಿಂದೆ ಜನ ಕೂತರೆ ಮುಂಚಕ್ರ ಕೆದಕುತ್ತದೆ. ಲಿವರ್ ತೆಗೆದರೆ ಹ್ಯಾಂಡ್‌ಬ್ರೇಕ್ ಮತ್ತೆ ಮಾಯ ಅನ್ನುವುದನ್ನು ಮಾತ್ರ ಡ್ರೈವರಿಗೆ ಮೂರು ಸಲ ಹೇಳಿ, ಕಲ್ಲೊಂದನ್ನು ಸೀಟಿನ ಪಕ್ಕದಲ್ಲೇ ಇಟ್ಟಿದ್ದೆ.

ಶಾಫ್ಟು ಬಂದ ಸಂಜೆಯೇ ಕೂರಿಸಿದೆ. ಬಾಣದ ಮೇಲೆ ಬಿಳಿ ಪೇಂಟಿನಲ್ಲಿ ಉದ್ದಕ್ಕೂ ಒಂದು ಗೆರೆ ಎಳೆದೆ. ಗ್ರೀಸ್ ಗನ್ ಒತ್ತಿ ಕ್ರಾಸಿನ ನಾಲ್ಕೂ ಸೀಲಿನಿಂದ ಹೊಸ ಗ್ರೀಸು ಇಣುಕುವ ತನಕ ಬಿಡಲಿಲ್ಲ. ಸ್ಲಿಪ್ ಯೋಕಿಗೆ ಮಾತ್ರ ಎರಡು ಒತ್ತು ಸಾಕು. ತುರುಕಿ ತುಂಬಿದರೆ ಒಳಗೆ ಜಾರಲು ಜಾಗವೇ ಇರುವುದಿಲ್ಲ.

ಮಾರನೇ ಬೆಳಿಗ್ಗೆ ಅಪ್ಪನನ್ನು ಕೂರಿಸಿಕೊಂಡು ಕೊಟ್ಟಿಗೆಹಾರಕ್ಕೆ ಹೊರಟೆ. ಕ್ಲಚ್ ಬಿಟ್ಟೆ, ಟಣ್ ಇಲ್ಲ. 40 ದಾಟಿತು, 50 ದಾಟಿತು, ಡ್ಯಾಶ್‌ಬೋರ್ಡಿನ ಮೇಲಿಟ್ಟಿದ್ದ ಎಲೆ ಅಡಿಕೆ ಡಬ್ಬಿ ಇಟ್ಟಲ್ಲೇ ಇತ್ತು. ನೀರು ದೋಸೆ ಬರುವ ತನಕ ಅಪ್ಪ ಏನೂ ಮಾತಾಡಲಿಲ್ಲ.

“ಕ್ರಾಸ್ ಒಳ್ಳೇ ಮಾಲು ಸಿಕ್ಕಿರಬೇಕು ಈ ಸಲ” ಅಂದರು.

ಹೌದು ಅಂದೆ. ಒಂದು ಹಲ್ಲಿನ ವಿಷಯ ಅವರಿಗೆ ಇನ್ನೂ ಹೇಳಿಲ್ಲ.