ಎನ್‌ಸಿಸಿ ಕ್ಯಾಂಪಿನಲ್ಲಿ ನಡೆಯುವ ಪತ್ತೇದಾರಿ ಕಂತು ಬರೆಯುವುದು ಹೇಗೆ?

ಟಿವಿಗೆ ಪತ್ತೇದಾರಿ ಕಂತು ಬರೆಯಬೇಕಾ? ಚಿತ್ರದುರ್ಗದಲ್ಲಿ ಒಂದು ಎನ್‌ಸಿಸಿ ಕ್ಯಾಂಪ್ ಹಾಕಿಸಿ. ಕೊಲೆಯೇ ಆಗಬೇಕಂತಿಲ್ಲ, ಒಂದು .22 ರೈಫಲ್ ಕಾಣೆಯಾದರೂ ಸಾಕು.

ಮೊದಲು ದಿನಚರಿ ಬರೆದುಕೊಳ್ಳಿ: ಬೆಳಗಿನ ಪಿಟಿ, ಡ್ರಿಲ್, ಊಟ, ಸಂಜೆ ರೋಲ್ ಕಾಲ್, ರಾತ್ರಿ ಕಾವಲು. ಎಲ್ಲರೂ ಒಂದೇ ಬಟ್ಟೆ ಹಾಕಿ ಒಂದೇ ಹೊತ್ತಿಗೆ ಒಂದೇ ಕೆಲಸ ಮಾಡುವ ಕಡೆ, ಆ ಸಾಲಿನಿಂದ ಚೂರು ಆಚೆ ಬಿದ್ದದ್ದೇ ಸುಳಿವು. ಪಾಲಿಶ್ ಇಲ್ಲದ ಒಂದು ಬೂಟು, ಕಾವಲು ಪಟ್ಟಿಯಲ್ಲಿ ಅದಲುಬದಲಾದ ಹೆಸರು, ರೈಫಲ್ ರಿಜಿಸ್ಟರಿನಲ್ಲಿ ಬೇರೆ ಇಂಕಿನ ಸಹಿ.

ರ‍್ಯಾಂಕ್ ತಪ್ಪಬೇಡಿ. ಕೆಡೆಟ್, ಲ್ಯಾನ್ಸ್ ಕಾರ್ಪೊರಲ್, ಕಾರ್ಪೊರಲ್, ಸಾರ್ಜೆಂಟ್, ಇನ್ನೂ ಮೇಲೆ ಅಂಡರ್ ಆಫೀಸರ್. ಕಿರಿಯ ಹುಡುಗ ಸೀನಿಯರ್ ವಿರುದ್ಧ ಬಾಯಿ ಬಿಡಲ್ಲ, ಅಲ್ವಾ? ಕತೆ ನಿಲ್ಲುವುದೇ ಅಲ್ಲಿ. ಹಾಗಾಗಿ ಪತ್ತೇದಾರ ಹೊರಗಿನವನೇ ಆಗಲಿ, ಅಡುಗೆಯವರ ಜೊತೆ ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಾ ಮಾತಿಗೆಳೆಯುವ ವಯಸ್ಸಾದ ಒಬ್ಬ ಪೊಲೀಸ್ ಎಎಸ್‌ಐ. ಅಮೆರಿಕದ ಪತ್ತೇದಾರಿ ಟಿವಿ ಸರಣಿ ‘ಕೊಲಂಬೋ’ದ 1974ರ ಮಿಲಿಟರಿ ಶಾಲೆಯ ಕಂತು ನೋಡಿ. ಕೊಲೆಗಾರ ಯಾರೆಂದು ನಮಗೆ ಮೊದಲೇ ಗೊತ್ತು, ಆದರೂ ಕುತೂಹಲ ಇಳಿಯಲ್ಲ.

ಕೋಟೆಯನ್ನೂ ಬಳಸಿ. ಆದರೆ ಓಬವ್ವನ ಕಿಂಡಿಯಲ್ಲಿ ರೈಫಲ್ ಬಚ್ಚಿಡಬೇಡಿ, ದುರ್ಗದ ಮಕ್ಕಳೂ ಊಹಿಸುತ್ತಾರೆ. ಅಲ್ಲಿ ಶೂಟಿಂಗಿಗೆ ಪುರಾತತ್ವ ಇಲಾಖೆಯ ಅನುಮತಿ ಬೇಕು, ಮೊದಲೇ ಅರ್ಜಿ ಹಾಕಿ.